ಓಟ, ಕುಣಿತ, ಹಾರಾಟದ ಫೋಟೊಗಳಲ್ಲಿ ಡೆಪ್ತ್ ಆಫ್ ಫೀಲ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಓಡುವ, ಹಾರುವ, ಕುಣಿಯುವ ವಿಷಯಗಳಿಗೆ ಬರವಿಲ್ಲ. ಮಳೆಗಾಲಕ್ಕೆ ಕೆಸರುಗದ್ದೆ ಓಟ, ಬಯಲುಸೀಮೆ ಕಡೆ ಎತ್ತಿನಗಾಡಿ ಓಟ, ಜಾತ್ರೆಗಳಲ್ಲಿ ವೀರಗಾಸೆ, ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳು. ಇವುಗಳ ಫೋಟೊ ತೆಗೆಯಲು ಶುರು ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚೂ ಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತವೆ. ಯಾವುದು ಶಾರ್ಪ್ ಆಗಿರಬೇಕು, ಯಾವುದು ಮಸುಕಾಗಬೇಕು ಅನ್ನೋದು ನಮ್ಮ ಕೈಯಲ್ಲಿದೆಯಾ? ಇದೆ. ಆದರೆ ಅದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ) ಒಂದರಲ್ಲೇ ಇಲ್ಲ. ನೀವು ಎಲ್ಲಿ ನಿಲ್ಲುತ್ತೀರಿ ಅನ್ನೋದರಲ್ಲಿ ಜಾಸ್ತಿ ಇದೆ.

ಕೆಳಗೆ ಕೊಟ್ಟಿರುವ ಅಳತೆಗಳೆಲ್ಲ ಎಪಿಎಸ್-ಸಿ ಸೆನ್ಸರ್ (ಹಳೆಯ 35 ಮಿಮೀ ಫಿಲ್ಮಿನಷ್ಟು ದೊಡ್ಡದಾದ ಫುಲ್ ಫ್ರೇಮಿಗಿಂತ ಚಿಕ್ಕದು) ಇರುವ ಕ್ಯಾಮೆರಾಗಳಿಗೆ ಹಾಕಿದ ಸುಮಾರು ಲೆಕ್ಕ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಅವೇ.

ಡೆಪ್ತ್ ಆಫ್ ಫೀಲ್ಡ್ ಅಂದ್ರೆ ಏನು?

ಲೆನ್ಸ್ ನಿಜವಾಗಿ ಫೋಕಸ್ ಮಾಡುವುದು ಒಂದೇ ಒಂದು ದೂರಕ್ಕೆ. ಅದರ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಇರುವುದೂ ನಮ್ಮ ಕಣ್ಣಿಗೆ ಶಾರ್ಪ್ ಆಗಿಯೇ ಕಾಣುತ್ತದೆ. ಹಾಗೆ ಕಾಣುವಷ್ಟು ಆಳವೇ ಡೆಪ್ತ್ ಆಫ್ ಫೀಲ್ಡ್. ಅದರ ಅಂಚಿನಲ್ಲಿ ಗೆರೆ ಎಳೆದ ಹಾಗೆ ಮಸುಕು ಶುರುವಾಗುವುದಿಲ್ಲ, ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಮೊಬೈಲಿನಲ್ಲಿ ಶಾರ್ಪ್ ಅನ್ನಿಸಿದ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಮೆತ್ತಗೆ ಕಾಣುವುದು ಇದೇ ಕಾರಣಕ್ಕೆ. ಚಿತ್ರ ದೊಡ್ಡದಾದಷ್ಟೂ ಕಣ್ಣು ಸಣ್ಣ ಮಸುಕನ್ನೂ ಹಿಡಿಯುತ್ತದೆ.

ಅದು ಯಾವುದರ ಮೇಲೆ ನಿಂತಿದೆ?

ಅಪರ್ಚರ್, ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನ ಮೇಲೆ ಮಿಮೀ ಅಂತ ಬರೆದಿರುವ ಅಳತೆ), ನಿಮಗೂ ವಿಷಯಕ್ಕೂ ಇರುವ ದೂರ. ಈ ಮೂರರ ತೂಕ ಒಂದೇ ಅಲ್ಲ. ಅಪರ್ಚರಿನ ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಎಫ್ 4ರಿಂದ ಎಫ್ 8ಕ್ಕೆ ಹೋದರೆ ಆಳ ಎರಡು ಪಟ್ಟಾಗುತ್ತದೆ, ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದೇ ನೀವು 10 ಮೀಟರ್ ದೂರದಿಂದ 20 ಮೀಟರ್‌ಗೆ ಸರಿದರೆ ಆಳ ನಾಲ್ಕು ಪಟ್ಟಾಗುತ್ತದೆ, ಬೆಳಕು ಒಂದು ಚೂರೂ ಕಡಿಮೆಯಾಗುವುದಿಲ್ಲ. ಓಡುವವರ ಫೋಟೊದಲ್ಲಿ ಬೆಳಕು ಯಾವಾಗಲೂ ಸಾಲದು. ಹಾಗಾಗಿ ದೂರ ಬದಲಾಯಿಸಿ ಆಳ ಹೊಂದಿಸಿಕೊಳ್ಳುವುದು ನಿಜವಾಗಿಯೂ ದೊಡ್ಡ ಅನುಕೂಲ.

ಮೊದಲು ಏನು ಸೆಟ್ ಮಾಡಿಕೊಳ್ಳಬೇಕು, ಅಪರ್ಚರ್ ತಾನೆ?

ಅಲ್ಲ, ಶಟರ್ ಸ್ಪೀಡ್, ಅಂದರೆ ಸೆನ್ಸರ್ ಬೆಳಕಿಗೆ ತೆರೆದಿರುವ ಸಮಯ, ಸೆಕೆಂಡಿನ ಲೆಕ್ಕದಲ್ಲಿ. ಓಡುವವನ ಮುಖವೇ ಕದಲಿ ಹೋದರೆ ಹಿನ್ನೆಲೆ ಎಷ್ಟು ಚೆನ್ನಾಗಿ ಕರಗಿದ್ದರೂ ಫೋಟೊ ಕೆಲಸಕ್ಕೆ ಬರುವುದಿಲ್ಲ. ಓಡುವ ಮಕ್ಕಳಿಗೆ 1/800, ಎತ್ತು, ಕುದುರೆ, ಬೈಕುಗಳಿಗೆ 1/1000ರಿಂದ 1/1600, ಹಾರುವ ಹಕ್ಕಿಗೆ 1/2500 ಅಥವಾ ಇನ್ನೂ ಜಾಸ್ತಿ. ಇಷ್ಟನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೇಕಾದ ಆಳಕ್ಕೆ ತಕ್ಕ ಅಪರ್ಚರ್. ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ) ಕೊನೆಗೆ, ಅದು ಎಷ್ಟಕ್ಕೆ ಹೋಗುತ್ತದೋ ಹೋಗಲಿ. ಐಎಸ್‌ಒ ಏರಿ ಗ್ರೇನ್ (ಕಾಳು ಕಾಳು) ಬಂದ ಶಾರ್ಪ್ ಫೋಟೊವನ್ನು ಸರಿ ಮಾಡಲು ಇವತ್ತು ಒಳ್ಳೆಯ ಸಾಫ್ಟ್‌ವೇರ್ ಇವೆ. ಕದಲಿದ ಫೋಟೊವನ್ನು ಆ ಮಟ್ಟಿಗೆ ಸರಿ ಮಾಡಲು ಆಗುವುದಿಲ್ಲ.

ಅಂದಾಜಿಗೆ ಹೇಳುವುದಾದರೆ, ಸಾಧಾರಣ ಮೋಡದ ದಿನ ಎಫ್ 5.6, 1/1000 ಇಟ್ಟರೆ ಐಎಸ್‌ಒ 800ರ ಆಸುಪಾಸು ಬೇಕು. ಜುಲೈ ತಿಂಗಳ ಮಲೆನಾಡಿನಲ್ಲಿ, ಮಂಜು ಮುಸುಕಿ ಮಧ್ಯಾಹ್ನವೇ ಸಂಜೆಯಂತಾದಾಗ, ಅದೇ ಸೆಟ್ಟಿಂಗಿಗೆ 3200 ದಾಟುತ್ತದೆ. ಹೆದರಬೇಡಿ.

ಯಾವ ಮೋಡ್ ಒಳ್ಳೆಯದು?

ಮ್ಯಾನ್ಯುಯಲ್ ಮೋಡ್, ಜೊತೆಗೆ ಆಟೊ ಐಎಸ್‌ಒ. ಶಟರ್ ಸ್ಪೀಡೂ ಅಪರ್ಚರೂ ನಿಮ್ಮ ಕೈಯಲ್ಲಿ, ಬೆಳಕಿನ ಏರುಪೇರು ಕ್ಯಾಮೆರಾ ನೋಡಿಕೊಳ್ಳುತ್ತದೆ. ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಿಮ್ಮದು, ಸ್ಪೀಡ್ ಕ್ಯಾಮೆರಾದ್ದು) ರೂಢಿಯಾಗಿದ್ದರೆ ಅದನ್ನೇ ಬಳಸಿ, ಆದರೆ ಆಟೊ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ 1/1000 ಅಂತ ಹಾಕಿಡಿ. ಇಲ್ಲದಿದ್ದರೆ ಸೂರ್ಯನಿಗೆ ಮೋಡ ಅಡ್ಡ ಬಂದಾಗ ಸ್ಪೀಡ್ 1/200ಕ್ಕೆ ಇಳಿದಿರುತ್ತದೆ, ನಿಮಗೆ ಗೊತ್ತೂ ಆಗಿರುವುದಿಲ್ಲ.

ನನ್ನ ಹತ್ತಿರ ಎಫ್ 1.8 ಲೆನ್ಸ್ ಇದೆ. ಪೂರ್ತಿ ತೆರೆದೇ ತೆಗೆಯಬಹುದಲ್ವಾ?

ನಿಂತವರಿಗೆ ಸರಿ, ನಿಮ್ಮ ಕಡೆಗೇ ಓಡಿ ಬರುವವರಿಗೆ ಕಷ್ಟ. 50 ಮಿಮೀ ಲೆನ್ಸ್, 4 ಮೀಟರ್ ದೂರ, ಎಫ್ 1.8 ಅಂದರೆ ಆಳ ಸುಮಾರು 46 ಸೆಂಟಿಮೀಟರ್. ಅಂದರೆ ಫೋಕಸ್ ಆದ ಜಾಗದಿಂದ ಮುಂದಕ್ಕೆ ಒಂದು ಗೇಣು, ಹಿಂದಕ್ಕೆ ಒಂದು ಗೇಣು. ಸ್ಕೂಲ್ ಸ್ಪೋರ್ಟ್ಸ್ ಡೇ ದಿನ ನಿಮ್ಮ ಮಗಳು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡಿ ಬರುತ್ತಿದ್ದಾಳೆ ಅಂದುಕೊಳ್ಳಿ. ಆ ಒಂದು ಗೇಣು ದಾಟಲು ಅವಳಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಕ್ಯಾಮೆರಾದ ಫೋಕಸ್ ಅಷ್ಟರಲ್ಲಿ ಹಿಂದೆ ಬಿದ್ದರೆ ಮುಖ ಮಸುಕು, ಜಡೆ ಶಾರ್ಪ್.

ಅದನ್ನೇ ಎಫ್ 4ಕ್ಕೆ ಇಟ್ಟರೆ ಆಳ 1 ಮೀಟರ್ ಆಗುತ್ತದೆ. ಹಿನ್ನೆಲೆ ಸ್ವಲ್ಪ ಕಡಿಮೆ ಕರಗುತ್ತದೆ ನಿಜ, ಆದರೆ ಕೈಗೆ ಸಿಗುವ ಫೋಟೊಗಳು ಎಷ್ಟೋ ಹೆಚ್ಚು. ನನ್ನ ಮಟ್ಟಿಗೆ ಚಲಿಸುವ ವಿಷಯಗಳಿಗೆ ಎಫ್ 4 ಒಳ್ಳೆಯ ಶುರು. ಎಫ್ 1.8, ಎಫ್ 2 ಇರುವುದು ಬೆಳಕೇ ಇಲ್ಲದ ಹೊತ್ತಿಗೆ.

ಎತ್ತಿನಗಾಡಿ ಓಟದಲ್ಲಿ ಎತ್ತುಗಳ ಮುಖ ಶಾರ್ಪ್ ಬರುತ್ತೆ, ಗಾಡಿ ಹೊಡೆಯುವವನು ಮಸುಕಾಗ್ತಾನೆ. ಏನು ಮಾಡೋದು?

ಈ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರ ಹೇಳಬೇಕು. ಡೆಪ್ತ್ ಆಫ್ ಫೀಲ್ಡಿನ ಪೂರ್ತಿ ಪಾಠ ಈ ಒಂದು ಫೋಟೊದಲ್ಲೇ ಇದೆ.

ನೀವು ಓಟದ ಕೊನೆಯಲ್ಲಿ, ಹಗ್ಗದ ಹಿಂದೆ, ಎದುರಿಗೆ ನಿಂತಿದ್ದೀರಿ. ಜೋಡೆತ್ತು ನಿಮ್ಮ ಕಡೆಗೆ ಬರುತ್ತಿದೆ. ನೊಗ ನಿಮಗೆ ಅಡ್ಡಲಾಗಿ ಇರುವುದರಿಂದ ಎರಡು ಎತ್ತುಗಳ ಮುಖವೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹಾಗಾಗಿ ಎರಡೂ ಶಾರ್ಪ್. ಗಾಡಿಯವನು ಮಾತ್ರ ಅವುಗಳ ಕೊಂಬಿನಿಂದ ಎರಡು ಮೂರು ಮೀಟರ್ ಹಿಂದೆ ನಿಂತಿರುತ್ತಾನೆ. ನಿಮ್ಮ 300 ಮಿಮೀ ಲೆನ್ಸ್ ಎಫ್ 5.6ರಲ್ಲಿ, 30 ಮೀಟರ್ ದೂರಕ್ಕೆ ಕೊಡುವ ಆಳ ಸುಮಾರು 2.2 ಮೀಟರ್. ಫೋಕಸ್ ಎತ್ತಿನ ಕಣ್ಣಿನ ಮೇಲೆ ಇದ್ದರೆ ಅದರಲ್ಲಿ ಅರ್ಧ ಎತ್ತಿನ ಮುಂದಿನ ಖಾಲಿ ಜಾಗಕ್ಕೆ ಹೋಗಿಬಿಡುತ್ತದೆ. ಹಿಂದೆ ಉಳಿಯುವುದು 1 ಮೀಟರ್ ಚಿಲ್ಲರೆ. ಗಾಡಿಯವನು ಅದರಿಂದ ಆಚೆ.

ದಾರಿಗಳು ಮೂರು. ಎಫ್ 8ಕ್ಕೆ ಹೋದರೆ ಆಳ 3.2 ಮೀಟರ್ ಆಗುತ್ತದೆ, ಬೆಳಕು ಅರ್ಧವಾಗುತ್ತದೆ. ಇಲ್ಲವೆ, 10 ಮೀಟರ್ ಹಿಂದೆ ಸರಿದು 40 ಮೀಟರ್ ಇದ್ದಾಗಲೇ ಕ್ಲಿಕ್ ಮಾಡಿ. ಎಫ್ 5.6ರಲ್ಲೇ ಆಳ 4 ಮೀಟರ್ ಸಿಗುತ್ತದೆ. ಆಮೇಲೆ ಕ್ರಾಪ್ ಮಾಡಿ ಮೊದಲಿನಷ್ಟೇ ದೊಡ್ಡದು ಮಾಡಿದರೆ ಆ ಲಾಭದಲ್ಲಿ ಸ್ವಲ್ಪ ಹೋಗುತ್ತದೆ, ಆದರೂ 3 ಮೀಟರ್ ಉಳಿಯುತ್ತದೆ. ಮೂರನೆಯದು, ಫೋಕಸ್ಸನ್ನು ಎತ್ತಿನ ಕಣ್ಣಿನಿಂದ ಸ್ವಲ್ಪ ಹಿಂದಕ್ಕೆ, ಹೆಗಲಿನ ಮೇಲೆ ಕೂರುವ ನೊಗದ ಹತ್ತಿರ ಇಡುವುದು. ಆಗ ಆಳ ಮುಂದಕ್ಕೆ ಖಾಲಿ ಜಾಗದಲ್ಲಿ ವ್ಯರ್ಥವಾಗುವುದಿಲ್ಲ. ಎರಡನೆಯದೂ ಮೂರನೆಯದೂ ಸೇರಿದರೆ ಸಾಮಾನ್ಯ 70-300 ಲೆನ್ಸಿನಲ್ಲೇ ಎತ್ತು, ನೊಗ, ಗಾಡಿಯವನ ಮುಖ ಎಲ್ಲ ಬರುತ್ತವೆ.

ಪಕ್ಕದಲ್ಲಿ ನಿಂತರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಎತ್ತು, ನೊಗ, ಗಾಡಿ, ಹೊಡೆಯುವವನು ಎಲ್ಲವೂ ನಿಮ್ಮಿಂದ ಒಂದೇ ದೂರದಲ್ಲಿ ಸಾಲಾಗಿ ಸಿಗುತ್ತವೆ. ಆಚೆಯ ಎತ್ತು ಮಾತ್ರ ಸ್ವಲ್ಪ ಹಿಂದೆ. ಎಫ್ 4 ಇದ್ದರೂ ಸಾಕಾಗುತ್ತದೆ. ಫೋಕಸ್ ಆಗುವ ಜಾಗ ಸೆನ್ಸರಿಗೆ ಸಮಾನಾಂತರವಾಗಿ ನಿಂತ ಒಂದು ಗೋಡೆ ಇದ್ದ ಹಾಗೆ. ಕ್ರಿಯೆ ಆ ಗೋಡೆಯ ಉದ್ದಕ್ಕೆ ನಡೆಯುತ್ತಿದೆಯೋ, ಗೋಡೆಯನ್ನು ತೂರಿಕೊಂಡು ಬರುತ್ತಿದೆಯೋ ಅಂತ ಕ್ಲಿಕ್ ಮಾಡುವ ಮೊದಲು ಕೇಳಿಕೊಳ್ಳಿ. ಎಷ್ಟು ಆಳ ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಒಂದು ಮಾತು: ಎದುರಿಗೆ ನಿಲ್ಲುವುದು ಅಂದರೆ ಟ್ರ್ಯಾಕಿನ ಒಳಗೆ ಅಲ್ಲ. ಹಳ್ಳಿಕಾರ್, ಅಮೃತಮಹಲ್ ತಳಿಯ ಎತ್ತುಗಳು ಓಟದ ಹುರುಪಿನಲ್ಲಿ ಗುರಿ ದಾಟಿದ ಮೇಲೂ ಸುಲಭಕ್ಕೆ ನಿಲ್ಲುವುದಿಲ್ಲ. ಅವು ನಿಜವಾಗಿ ಎಷ್ಟು ಹತ್ತಿರ ಬಂದಿವೆ ಅನ್ನೋದು ವ್ಯೂಫೈಂಡರಿನೊಳಗೆ ತಿಳಿಯದು.

ಕ್ಯಾಮೆರಾ ಜೊತೆ ಬಂದ ನನ್ನ ಕಿಟ್ ಲೆನ್ಸಿನಲ್ಲಿ ಹಿನ್ನೆಲೆ ಕರಗೋದೇ ಇಲ್ಲ. ದುಬಾರಿ ಲೆನ್ಸ್ ಬೇಕಾ?

ಮೊದಲು ಜಾಗ ಬದಲಾಯಿಸಿ ನೋಡಿ. ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅನ್ನೋದೂ ಡೆಪ್ತ್ ಆಫ್ ಫೀಲ್ಡೂ ಬೇರೆ ಬೇರೆ. ಓಡುವವನ ಮೂಗಿನಿಂದ ಕಿವಿಯವರೆಗೆ ಶಾರ್ಪ್ ಇದೆಯಾ ಅನ್ನೋದು ಡೆಪ್ತ್. ಅವನ ಹಿಂದಿನ ಶಾಮಿಯಾನ, ಬ್ಯಾನರ್, ನಿಲ್ಲಿಸಿದ ಬೈಕುಗಳು ಎಷ್ಟು ಕರಗಿವೆ ಅನ್ನೋದು ಹಿನ್ನೆಲೆಯ ಮಾತು. ಎರಡನೆಯದಕ್ಕೆ ಆ ಬೈಕುಗಳು ಅವನಿಂದ ಎಷ್ಟು ದೂರ ಇವೆ ಅನ್ನೋದೇ ಮುಖ್ಯ.

18-55 ಲೆನ್ಸನ್ನು 55ಕ್ಕೆ ಜೂಮ್ ಮಾಡಿ, ಎಫ್ 5.6 ಇಟ್ಟು, 5 ಮೀಟರ್ ದೂರದ ಹುಡುಗನನ್ನು ತೆಗೆಯುತ್ತಿದ್ದೀರಿ ಅನ್ನಿ. ಜನ ಅವನ ಬೆನ್ನ ಹಿಂದೆ 2 ಮೀಟರ್‌ನಲ್ಲೇ ಕೂತಿದ್ದಾರೆ. ನೀವು ಮೈದಾನದ ಇನ್ನೊಂದು ಬದಿಗೆ ಹೋಗಿ, ಅವನ ಹಿಂದೆ 20 ಮೀಟರ್ ಬಯಲು ಬರುವ ಹಾಗೆ ನಿಂತರೆ ಹಿನ್ನೆಲೆಯ ಮಸುಕು ಸುಮಾರು ಮೂರು ಪಟ್ಟು ಜಾಸ್ತಿಯಾಗುತ್ತದೆ. ಲೆನ್ಸ್ ಅದೇ, ಅಪರ್ಚರ್ ಅದೇ.

ಉದ್ದ ಲೆನ್ಸಿನ ಉಪಯೋಗವೂ ಇಲ್ಲೇ ಅರ್ಥವಾಗುತ್ತದೆ. ಅದೇ ಹುಡುಗ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಬರುವ ಹಾಗೆ ಹಿಂದೆ ಸರಿದು 250 ಮಿಮೀನಲ್ಲಿ ಎಫ್ 5.6ಕ್ಕೇ ತೆಗೆದರೆ ಡೆಪ್ತ್ ಆಫ್ ಫೀಲ್ಡ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, 1.8 ಮೀಟರ್ ಆಸುಪಾಸು. ಆದರೆ 20 ಮೀಟರ್ ಹಿಂದಿನ ಬಯಲಿನ ಮಸುಕು ಎರಡೂವರೆ ಪಟ್ಟಿಗೂ ಜಾಸ್ತಿ. ಆಟಗಾರ ಪೂರ್ತಿ ಶಾರ್ಪ್, ಹಿನ್ನೆಲೆ ಪೂರ್ತಿ ಕರಗಿದ್ದು ಬೇಕು ಅನ್ನುವವರಿಗೆ ಇದು ಬಹಳ ಒಳ್ಳೆಯ ಸುದ್ದಿ. ಕೈಗೆಟಕುವ 55-250 ಲೆನ್ಸಿನಲ್ಲೂ ಆಗುವ ಕೆಲಸ ಇದು.

ಇನ್ನು ಕೆಳಗೆ ಕೂರುವುದು. ನಿಂತು ತೆಗೆದರೆ ಆಟಗಾರನ ಹಿಂದೆ ಅವನ ಕಾಲಡಿಯ ನೆಲವೇ ಹಿನ್ನೆಲೆ. ಮಂಡಿಯೂರಿ ಕೂತರೆ ಹಿನ್ನೆಲೆ ದೂರಕ್ಕೆ ಹೋಗುತ್ತದೆ. ಚಿಕ್ಕಮಗಳೂರಿನಲ್ಲಂತೂ ಎಷ್ಟೋ ಬಯಲುಗಳ ಆಚೆ ಗಿರಿಸಾಲೇ ಇದೆ, ಮಸುಕಾಗಿ ನೀಲಿಯಾಗಿ ಬರುತ್ತದೆ.

ಫೋಟೊ ಶಾರ್ಪ್ ಇಲ್ಲ. ಆಳ ಸಾಲದೋ, ಕೈ ಅಲುಗಿತೋ, ಹೇಗೆ ತಿಳಿಯೋದು?

ಫೋಟೊವನ್ನು ಪೂರ್ತಿ ಜೂಮ್ ಮಾಡಿ, ನೆಲ ನೋಡಿ. ಆಟಗಾರನ ಮುಂದಿನ ಅಥವಾ ಹಿಂದಿನ ಹುಲ್ಲೋ ಮಣ್ಣೋ ಒಂದು ಪಟ್ಟಿಯಷ್ಟು ಶಾರ್ಪ್ ಇದ್ದು, ಅವನು ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ, ಆಳ ಅವನವರೆಗೆ ಬಂದಿಲ್ಲ. ಮೈ ಶಾರ್ಪ್ ಇದ್ದು ಕೈಕಾಲು ಮಾತ್ರ ಎಳೆದ ಹಾಗೆ ಕಂಡರೆ ಶಟರ್ ಸ್ಪೀಡ್ ಸಾಲದು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕ್ಯಾಮೆರಾ ಅಲುಗಿದೆ. ಯಾವುದು ಅಂತ ತಿಳಿಯದೆ ಸುಮ್ನೆ ಅಪರ್ಚರ್ ಕಿರಿದು ಮಾಡುತ್ತಾ ಹೋದರೆ ಶಟರ್ ಸ್ಪೀಡ್ ಇಳಿದು ಇನ್ನೊಂದು ತೊಂದರೆ ಶುರುವಾಗುತ್ತದೆ.

ರಾತ್ರಿ ಕಬಡ್ಡಿ ಪಂದ್ಯಕ್ಕೆ ಎಲ್ಲಿ ನಿಲ್ಲಬೇಕು, ಏನು ಸೆಟ್ಟಿಂಗ್?

ಊರ ಪಂದ್ಯಾವಳಿಗಳಲ್ಲಿ ಲೈಟು ಕಂಬದ ಮೇಲಿನಿಂದ, ಅದೂ ಕಡಿಮೆ. ಎಫ್ 2.8, 1/640, ಐಎಸ್‌ಒ 6400 ಅಂತ ಶುರು ಮಾಡಿ. ಫ್ಲ್ಯಾಶ್ ಬೇಡ, ಆಟಗಾರರ ಕಣ್ಣಿಗೆ ಹೊಡೆಯುತ್ತದೆ.

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಕೊನೆಯ ಗೆರೆಗೆ 6.5 ಮೀಟರ್. ಹೆಚ್ಚಿನವರು ಪಕ್ಕದ ಗೆರೆಯ ಹತ್ತಿರ, ನಡುಗೆರೆ ಎದುರಿಗೆ ಕೂರುತ್ತಾರೆ. ಅಲ್ಲಿಂದ ಸಿಗುವುದು ರೈಡರ್‌ನ ಪಕ್ಕದ ಮುಖ, ಅದರ ಹಿಂದೆ ಆಚೆ ಬದಿಯ ಜನ. ಕೊನೆಯ ಗೆರೆಯ ಹಿಂದೆ, ಡಿಫೆಂಡರ್‌ಗಳ ಬೆನ್ನ ಹಿಂದೆ ಕೂತು ನೋಡಿ. ರೈಡರ್ ನಿಮ್ಮ ಕಡೆ ಮುಖ ಮಾಡಿ ಬರುತ್ತಾನೆ. ಅವನ ಹಿಂದೆ ಅವನ ತಂಡದ ಅರ್ಧ ಅಂಕಣ, ಅಂದರೆ ಅದರಾಚೆ ಕೂತ ಜನರ ಹಿನ್ನೆಲೆಗೆ ಏಳೆಂಟು ಮೀಟರ್ ಪುಕ್ಕಟೆ ಸಿಕ್ಕಿತು. ಡಿಫೆಂಡರ್‌ಗಳು ಮುಂದೆ ಮಸುಕಾಗಿ, ಚೌಕಟ್ಟಿನ ಹಾಗೆ ಎರಡೂ ಬದಿ ಬರುತ್ತಾರೆ.

50 ಮಿಮೀ, ಎಫ್ 2.8, 5 ಮೀಟರ್ ದೂರ: ಆಳ 1.1 ಮೀಟರ್. ರೈಡರ್‌ನ ಚಾಚಿದ ಕೈಯಿಂದ ಮುಖದವರೆಗೆ ಸಾಕು. ಹಿಡಿದು ಎಳೆಯುವಾಗ ನಾಲ್ಕೈದು ಮೈಗಳು ಒಂದರ ಮೇಲೊಂದು ಬಿದ್ದ ಕ್ಷಣದಲ್ಲಿ ಮಾತ್ರ ಸಾಲದು, ಆಗ ಗೆರೆ ಮುಟ್ಟಲು ಒದ್ದಾಡುವ ಮುಖ ಒಂದನ್ನೇ ನಂಬಿ. ಎಲ್‌ಇಡಿ ಲೈಟುಗಳ ಕೆಳಗೆ ಫೋಟೊಗಳ ಬಣ್ಣ, ಬೆಳಕು ಒಂದೊಂದಕ್ಕೆ ಒಂದೊಂದು ಥರ ಬರುತ್ತಿದ್ದರೆ ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದೆಯಾ ನೋಡಿ, ಆನ್ ಮಾಡಿ.

ಕೆಸರುಗದ್ದೆ ಓಟದಲ್ಲಿ ಫೋಕಸ್ ಕೆಸರಿನ ಹನಿಗಳ ಮೇಲೆ ಹೋಗಿ ಕೂರುತ್ತೆ. ಯಾಕೆ?

ಕ್ಯಾಮೆರಾಗೆ ಹತ್ತಿರದ್ದು ಕಂಡರೆ ಆಸೆ. ಓಡುವವರ ಮುಂದೆ ಕೆಸರು ಚಿಮ್ಮಿದಾಗ ಅದೇ ವಿಷಯ ಅಂದುಕೊಳ್ಳುತ್ತದೆ. ಎರಡು ಕೆಲಸ ಮಾಡಿ. ವಿಷಯ ಸರಿದಂತೆ ತಾನೂ ಸರಿಯುವ ಕಂಟಿನ್ಯೂಯಸ್ ಫೋಕಸ್ ಹಾಕಿ, ಅಂದರೆ ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕೆನಾನ್‌ನಲ್ಲಿ ಸರ್ವೊ. ಆಮೇಲೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ನಿಧಾನದ ಕಡೆಗೆ ತಿರುಗಿಸಿ. ಆಗ ನಡುವೆ ಏನಾದರೂ ಅಡ್ಡ ಬಂದರೂ ಕ್ಯಾಮೆರಾ ತಕ್ಷಣ ಅದರ ಹಿಂದೆ ಓಡುವುದಿಲ್ಲ.

ಇನ್ನೊಂದು ಹಳೆಯ ದಾರಿ ನನಗೆ ಜಾಸ್ತಿ ಇಷ್ಟ. ಗದ್ದೆಯಲ್ಲಿ ಒಂದು ಜಾಗ ಆರಿಸಿಕೊಳ್ಳಿ, ಅಲ್ಲೊಂದು ಕೋಲೋ ಬದುವಿನ ಮೂಲೆಯೋ ಇರಲಿ. ಅದಕ್ಕೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿಬಿಡಿ. ಎಫ್ 5.6 ಅಥವಾ 8 ಇಟ್ಟು ಆಳವನ್ನು ಸ್ವಲ್ಪ ಧಾರಾಳವಾಗಿ ಇಟ್ಟುಕೊಳ್ಳಿ. ಓಡುವವರು ಆ ಜಾಗಕ್ಕೆ ಬರುವ ಒಂದು ಹೆಜ್ಜೆ ಮೊದಲಿನಿಂದಲೇ ಬರ್ಸ್ಟ್ (ಒಂದರ ಹಿಂದೆ ಒಂದು ಬಿಡದೆ ಕ್ಲಿಕ್) ಶುರು ಮಾಡಿ. ಆಟೊ ಫೋಕಸ್ ಬರುವ ಮೊದಲು ಪತ್ರಿಕೆಗಳ ಕ್ರೀಡಾ ಛಾಯಾಗ್ರಾಹಕರು ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ಹನಿಗಳು ಗಾಳಿಯಲ್ಲಿ ನಿಂತ ಹಾಗೆ ಬೇಕಿದ್ದರೆ 1/1600. ಮುಂದಿನ ಹನಿಗಳು ಮಸುಕಾಗಿ ದಪ್ಪಗೆ ಬರುತ್ತವೆ, ಮುಖದ ಹತ್ತಿರದವು ಶಾರ್ಪ್ ಬರುತ್ತವೆ. ಆ ವ್ಯತ್ಯಾಸದಿಂದಲೇ ಫೋಟೊಗೆ ಆಳ ಬರುತ್ತದೆ, ಹಾಗಾಗಿ ಎಫ್ 11ಕ್ಕೆಲ್ಲ ಹೋಗಬೇಡಿ.

ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ಲೆನ್ಸಿನ ಮುಂಗಾಜು ಒರೆಸಲು ಒಣ ಬಟ್ಟೆ ಎರಡು ಮೂರು ಇಟ್ಟುಕೊಳ್ಳಿ. ಗಾಜಿನ ಮೇಲೆ ಹನಿ ಕೂತರೆ ಬರುವ ಮಸುಕನ್ನು ಯಾವ ಅಪರ್ಚರೂ ಸರಿ ಮಾಡದು.

ಬ್ಯಾಕ್ ಬಟನ್ ಫೋಕಸ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ, ರೂಢಿಯಾದರೆ ಬಿಡಲು ಮನಸ್ಸಾಗುವುದಿಲ್ಲ. ಇದರಲ್ಲಿ ಫೋಕಸ್ ಮಾಡುವುದು ಕ್ಯಾಮೆರಾ ಬೆನ್ನಿನ ಬಟನ್. ಫೋಕಸ್ ಹೆಬ್ಬೆರಳಿಗೆ, ಕ್ಲಿಕ್ ತೋರುಬೆರಳಿಗೆ. ಅಡ್ಡ ಯಾರಾದರೂ ಬಂದರೆ ಹೆಬ್ಬೆರಳು ಎತ್ತಿದರಾಯಿತು, ಫೋಕಸ್ ಇದ್ದಲ್ಲೇ ನಿಲ್ಲುತ್ತದೆ.

ಭದ್ರಾ ಹಿನ್ನೀರಿನ ಟರ್ನ್‌ಗಳಲ್ಲಿ ಕಣ್ಣು ಶಾರ್ಪ್, ರೆಕ್ಕೆ ತುದಿ ಮಸುಕು. ಎಫ್ 6.3 ಸಾಲದಾ?

ಲಕ್ಕವಳ್ಳಿ ಕಡೆ ಬೇಸಿಗೆಯಲ್ಲಿ ನೀರು ಇಳಿದು ದಿಬ್ಬಗಳು ಮೇಲೆದ್ದಾಗ ರಿವರ್ ಟರ್ನ್‌ಗಳು ಗೂಡು ಮಾಡುತ್ತವೆ. ಕಪ್ಪು ತಲೆ, ಹಳದಿ ಕೊಕ್ಕು, ಸೀಳಿದ ಬಾಲ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 80 ಸೆಂಟಿಮೀಟರ್ ಆಸುಪಾಸು. 600 ಮಿಮೀ ಲೆನ್ಸ್, ಎಫ್ 6.3, 30 ಮೀಟರ್ ದೂರಕ್ಕೆ ಆಳ ಸುಮಾರು 63 ಸೆಂಟಿಮೀಟರ್. ಹಕ್ಕಿ ನಿಮ್ಮ ಮುಂದೆ ಅಡ್ಡಲಾಗಿ ಹಾರುವಾಗ ಒಂದು ರೆಕ್ಕೆ ನಿಮ್ಮ ಕಡೆಗೆ, ಇನ್ನೊಂದು ಆಚೆಗೆ ಚಾಚಿರುತ್ತದೆ. ಕಣ್ಣಿನಿಂದ ಈಚೆಗೆ 40 ಸೆಂಟಿಮೀಟರ್ ಬೇಕು, ಇರುವುದು 31. ತುದಿ ಮಸುಕಾಗದೆ ಇನ್ನೇನು? ಎಫ್ 8ಕ್ಕೆ ಇಟ್ಟರೆ 80 ಸೆಂಟಿಮೀಟರ್, ಎರಡೂ ತುದಿ ಸರಿಯಾಗಿ ಒಳಗೆ ಬರುತ್ತವೆ.

ಆದರೆ ಹಕ್ಕಿ 20 ಮೀಟರ್‌ಗೆ ಬಂದರೆ ಎಫ್ 6.3ರ ಆಳ 28 ಸೆಂಟಿಮೀಟರ್‌ಗೆ ಇಳಿಯುತ್ತದೆ. ಹತ್ತಿರ ಬಂದಷ್ಟೂ ಸುಲಭ ಅನ್ನೋದು ಇಲ್ಲಿ ನಡೆಯುವುದಿಲ್ಲ. ರೆಕ್ಕೆ ಪೂರ್ತಿ ಮೇಲೆ ಎತ್ತಿದ ಅಥವಾ ಪೂರ್ತಿ ಕೆಳಗೆ ಬಡಿದ ಕ್ಷಣಕ್ಕೆ ಕಾಯಿರಿ. ಆಗ ರೆಕ್ಕೆ ಅಡ್ಡಕ್ಕೆ ಚಾಚಿರುವುದಿಲ್ಲ, ಆಳ ಕಡಿಮೆ ಸಾಕು. ಕಣ್ಣು ಶಾರ್ಪ್ ಇದ್ದು ರೆಕ್ಕೆ ತುದಿ ಒಂದಿಷ್ಟು ಮಸುಕಾದರೂ ನನಗೆ ಅದು ದೋಷ ಅನ್ನಿಸುವುದಿಲ್ಲ, ಹಾರುವ ಹಕ್ಕಿ ಹಾಗೆಯೇ ಕಾಣುವುದು.

ದೋಣಿಯನ್ನು ಗೂಡಿನ ದಿಬ್ಬಕ್ಕೆ ಹತ್ತಿರ ಒಯ್ಯಿ ಅಂತ ಯಾರನ್ನೂ ಒತ್ತಾಯಿಸಬೇಡಿ. ಹಕ್ಕಿ ಎದ್ದು ಹೋದರೆ ಆ ಬಿಸಿಲಿಗೆ ಮೊಟ್ಟೆ ಉಳಿಯುವುದಿಲ್ಲ.

ವೀರಗಾಸೆ ಕುಣಿತಕ್ಕೆ ಉದ್ದ ಲೆನ್ಸಾ, ಅಗಲ ಲೆನ್ಸಾ?

ಅಗಲ ಲೆನ್ಸ್. ಕಡೂರು, ಬೀರೂರು, ತರೀಕೆರೆ ಕಡೆಯ ಜಾತ್ರೆಗಳಲ್ಲಿ ಕುಣಿಯುವವರ ಸುತ್ತ ಜನ ಎಷ್ಟು ಒತ್ತಿ ನಿಂತಿರುತ್ತಾರೆ ಅಂದರೆ ದೂರ ಹೋದರೆ ಬರೀ ತಲೆಗಳು ಕಾಣುತ್ತವೆ. ಜೊತೆಗೆ ಇಲ್ಲಿ ಹಿನ್ನೆಲೆ ಕರಗಿಸುವುದು ನನಗೆ ಸರಿ ಕಾಣುವುದಿಲ್ಲ. ಕರಡೆ, ಸಮಾಳ ಬಾರಿಸುವವರು, ಒಡಪು ಹೇಳುವವರು, ನೋಡುವ ಜನರ ಮುಖ, ಹಿಂದಿನ ತೇರು ಎಲ್ಲ ಸೇರಿದರೇ ಅದು ವೀರಗಾಸೆ.

18 ಮಿಮೀ, ಎಫ್ 8 ಇಟ್ಟು 2 ಮೀಟರ್ ದೂರಕ್ಕೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬಿಡಿ. 1 ಮೀಟರ್‌ನಿಂದ ಆಚೆಗೆ ಕಣ್ಣಿಗೆ ಕಾಣುವಷ್ಟು ದೂರದವರೆಗೆ ಎಲ್ಲ ಶಾರ್ಪ್. ಹೀಗೆ ಫೋಕಸ್ ಇಟ್ಟ ಆ 2 ಮೀಟರನ್ನೇ ಹೈಪರ್‌ಫೋಕಲ್ ದೂರ ಅನ್ನುತ್ತಾರೆ. ಇನ್ನು ಫೋಕಸ್ ಮರೆತುಬಿಡಿ, ಕುಣಿಯುವವರ ಹೆಜ್ಜೆ, ತಾಳ ನೋಡಿಕೊಂಡು ಕ್ಲಿಕ್ ಮಾಡಿದರಾಯಿತು. 1/500 ಇಟ್ಟರೆ ಕತ್ತಿ ನಿಂತ ಹಾಗೆ ಬರುತ್ತದೆ. 1/125ಕ್ಕೆ ಇಳಿಸಿದರೆ ಕತ್ತಿ ಬೀಸಿದ ಹಾದಿ ಕಾಣುತ್ತದೆ, ಮುಖ ನಿಲ್ಲುತ್ತದೆ. ಎರಡೂ ತೆಗೆಯಿರಿ.

ತೇರಿಗೆ ದವನ ಚುಚ್ಚಿದ ಬಾಳೆಹಣ್ಣು ಎಸೆಯುವ ಕ್ಷಣಕ್ಕೂ ಇದೇ ಸೆಟ್ಟಿಂಗ್ ಸಾಕು.

ಫೋಕಸ್ ಆದ ಜಾಗದಿಂದ ಮುಂದಕ್ಕೆ ಮೂರನೇ ಒಂದು, ಹಿಂದಕ್ಕೆ ಮೂರನೇ ಎರಡು ಭಾಗ ಶಾರ್ಪ್ ಅಂತಾರಲ್ಲ?

ಅದು ಒಂದೇ ಒಂದು ದೂರಕ್ಕೆ ಸರಿ, ಹೈಪರ್‌ಫೋಕಲ್ ದೂರದ ಮೂರನೇ ಒಂದು ಭಾಗದಲ್ಲಿ ಫೋಕಸ್ ಇದ್ದಾಗ. 300 ಮಿಮೀ ಎಫ್ 5.6ಕ್ಕೆ ಹೈಪರ್‌ಫೋಕಲ್ ದೂರವೇ ಸುಮಾರು 800 ಮೀಟರ್. ನೀವು 30 ಮೀಟರ್ ದೂರದ ಎತ್ತನ್ನು ತೆಗೆಯುವಾಗ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ ಸಮ.

ಪ್ಯಾನಿಂಗ್ ಮಾಡುವಾಗ ಡೆಪ್ತ್ ಬಗ್ಗೆ ಯೋಚಿಸಬೇಕಾ?

ಜಾಸ್ತಿ ಬೇಡ. ಪ್ಯಾನಿಂಗ್‌ನಲ್ಲಿ, ಅಂದರೆ ಓಡುವ ವಿಷಯದ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡುವಾಗ, ಹಿನ್ನೆಲೆ ಕರಗುವುದು ಆ ತಿರುಗುವಿಕೆಯಿಂದ. ಶಟರ್ 1/60 ಅಥವಾ 1/30 ಇರುವುದರಿಂದ ಅಪರ್ಚರ್ ತಾನಾಗಿ ಕಿರಿದಾಗುತ್ತದೆ, ಆಳ ಧಾರಾಳವಾಗಿ ಸಿಗುತ್ತದೆ. ಮೋಡದ ದಿನ ಐಎಸ್‌ಒ 100, 1/60, ಎಫ್ 8 ಸರಿಹೋಗುತ್ತದೆ. ಸುಡುಬಿಸಿಲಿನಲ್ಲಿ ಅದೇ ಸ್ಪೀಡಿಗೆ ಎಫ್ 22 ಬೇಕಾಗುತ್ತದೆ. ಅಷ್ಟು ಕಿರಿದಾದರೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ, ಬಿಸಿಲಿಗೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಹಾಕಿಕೊಳ್ಳಿ.

ಕಾಫಿ ತೋಟಗಳ ಕಾರ್ ರ‍್ಯಾಲಿಗೆ ಎಫ್ 2.8 ಒಳ್ಳೆಯದಾ?

ಚಿಕ್ಕಮಗಳೂರಿನ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆದಿವೆ. ಮರಗಳ ನೆರಳಿನಲ್ಲಿ ಬೆಳಕು ಕಡಿಮೆ, ಹಾಗಾಗಿ ಎಫ್ 2.8 ಅನ್ನುವ ಆಸೆ ಸಹಜ. ಆದರೆ ಕಾರಿನ ಉದ್ದವೇ 4 ಮೀಟರ್ ಹತ್ತಿರ. 200 ಮಿಮೀ, 20 ಮೀಟರ್ ದೂರ, ಎಫ್ 5.6ಕ್ಕೆ ಆಳ 2.2 ಮೀಟರ್. ಬಂಪರ್‌ನಿಂದ ಡ್ರೈವರ್‌ವರೆಗೆ ಶಾರ್ಪ್, ಹಿಂದಿನ ಚಕ್ರ ಮತ್ತು ಏಳುವ ಧೂಳು ಮೆತ್ತಗೆ. ಅಷ್ಟು ಸಾಕು, ನೋಡಲೂ ಚೆಂದ. ತಿರುವಿನಲ್ಲಿ ಜಾಗ ಗುರುತು ಮಾಡಿಕೊಂಡು ಮೊದಲೇ ಫೋಕಸ್ ಇಟ್ಟುಕೊಳ್ಳಿ.

ತಿರುವಿನ ಹೊರಬದಿಯಲ್ಲಿ ಮಾತ್ರ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದು ಅದೇ ಕಡೆಗೆ. ಮಾರ್ಷಲ್‌ಗಳು ಹಾಕಿದ ಟೇಪಿನ ಹಿಂದೆ, ಎತ್ತರದ ದಿಣ್ಣೆಯ ಮೇಲೆ ನಿಂತರೆ ದೂರವೂ ಸಿಗುತ್ತದೆ, ಆಳವೂ ಸಿಗುತ್ತದೆ.

ಫುಲ್ ಫ್ರೇಮ್ ಕ್ಯಾಮೆರಾ ತಗೊಂಡ್ರೆ ಎಲ್ಲ ಸರಿಹೋಗುತ್ತಾ?

ಬ್ಲರ್ ಜಾಸ್ತಿ ಸಿಗುತ್ತದೆ, ಆಳ ಕಡಿಮೆಯಾಗುತ್ತದೆ. ಅದು ಲಾಭವೋ ನಷ್ಟವೋ ನೀವು ತೆಗೆಯುವುದರ ಮೇಲಿದೆ. ಒಂದೇ ಜಾಗದಿಂದ ಒಂದೇ ಫ್ರೇಮ್ ಬರಬೇಕಾದರೆ ಎಪಿಎಸ್-ಸಿಯ 200 ಮಿಮೀ ಎಫ್ 4ಕ್ಕೆ ಫುಲ್ ಫ್ರೇಮಿನಲ್ಲಿ 300 ಮಿಮೀ ಎಫ್ 6 ಸಮ. ಹಕ್ಕಿ, ಎತ್ತಿನಗಾಡಿ ತೆಗೆಯುವವರಿಗೆ ಚಿಕ್ಕ ಸೆನ್ಸರೇ ಅನುಕೂಲ ಅಂತ ನನ್ನ ಅಭಿಪ್ರಾಯ. ರಾತ್ರಿ ಕಬಡ್ಡಿ ತೆಗೆಯುವವರಿಗೆ ದೊಡ್ಡ ಸೆನ್ಸರ್ ನಿಜಕ್ಕೂ ಉಪಯೋಗ.

ಮೊಬೈಲಿನಲ್ಲಿ ಆಗುತ್ತಾ?

ಮೊಬೈಲಿನ ಸೆನ್ಸರ್ ಚಿಕ್ಕದು, ಲೆನ್ಸ್ ಕೆಲವೇ ಮಿಲಿಮೀಟರ್‌ನದು. ಹಾಗಾಗಿ ಎಫ್ 1.8 ಅಂತ ಬರೆದಿದ್ದರೂ ಹೆಚ್ಚುಕಡಿಮೆ ಎಲ್ಲವೂ ಶಾರ್ಪ್ ಬರುತ್ತದೆ. ಪೋರ್ಟ್ರೇಟ್ ಮೋಡಿನ ಬ್ಲರ್ ಲೆಕ್ಕ ಹಾಕಿ ಆಮೇಲೆ ಬಳಿದದ್ದು. ಓಡುವವರ ಕೈಬೆರಳು, ಹಾರುವ ಕೂದಲು, ಬೀಸಿದ ಬ್ಯಾಟಿನ ಅಂಚಿನಲ್ಲಿ ಅದು ಎಡವುತ್ತದೆ. ಆಟ ತೆಗೆಯುವಾಗ ಆ ಮೋಡ್ ಬಿಡಿ. ಬಿಸಿಲಿಗೆ ಬೆನ್ನು ಮಾಡಿ, ಕೆಳಗೆ ಕೂತು, ಹಿನ್ನೆಲೆಯಲ್ಲಿ ಆಕಾಶವೋ ಖಾಲಿ ಬಯಲೋ ಬರುವ ಹಾಗೆ ಹತ್ತಿರದಿಂದ ತೆಗೆಯಿರಿ. ಬ್ಲರ್ ಇಲ್ಲದೆಯೂ ಆಟಗಾರ ಎದ್ದು ಕಾಣುತ್ತಾನೆ.

ವ್ಯೂಫೈಂಡರಿನಲ್ಲಿ ಕಂಡದ್ದಕ್ಕೂ ಫೋಟೊಗೂ ಆಳದಲ್ಲಿ ವ್ಯತ್ಯಾಸ ಯಾಕೆ?

ಡಿಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಆಗುವವರೆಗೆ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ನೀವು ಎಫ್ 8 ಇಟ್ಟಿದ್ದರೂ ಕಣ್ಣಿಗೆ ಕಾಣುವುದು ಪೂರ್ತಿ ತೆರೆದಾಗಿನ ಆಳ. ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ಪಕ್ಕ ಡೆಪ್ತ್ ಪ್ರಿವ್ಯೂ ಬಟನ್ ಇರುತ್ತದೆ. ಒತ್ತಿದರೆ ಕತ್ತಲಾಗುತ್ತದೆ, ಆದರೆ ನಿಜವಾದ ಆಳ ಕಾಣುತ್ತದೆ.

ಕಂಪ್ಯೂಟರಿನಲ್ಲಿ ಆಮೇಲೆ ಬ್ಲರ್ ಹಾಕಿಕೊಂಡರೆ ಆಗಲ್ವಾ?

ಆಗುತ್ತದೆ. ಲೈಟ್‌ರೂಮಿನಲ್ಲಿ ಲೆನ್ಸ್ ಬ್ಲರ್ ಅನ್ನುವ ಸೌಲಭ್ಯವೇ ಇದೆ. ಮನೆಯವರಿಗೆ ಕಳಿಸುವ ಫೋಟೊ, ಸ್ಟೇಟಸ್ಸಿಗೆ ಹಾಕುವ ಫೋಟೊ ಆದರೆ ಧಾರಾಳವಾಗಿ ಬಳಸಿ. ಪತ್ರಿಕೆಗೆ ಸುದ್ದಿ ಚಿತ್ರವಾಗಿ ಅಥವಾ ವನ್ಯಜೀವಿ ವಿಭಾಗದ ಸ್ಪರ್ಧೆಗೆ ಕಳಿಸುವುದಾದರೆ ಬೇಡ. ಸ್ಪರ್ಧೆಗಳಲ್ಲಿ ಎಷ್ಟೋ ಸಲ ಮೂಲ ರಾ ಫೈಲ್ (ಕ್ಯಾಮೆರಾ ತೆಗೆದ ಹಾಗೇ ಉಳಿಸಿದ ಫೈಲ್) ಕೇಳುತ್ತಾರೆ, ಹಾಕಿದ ಬ್ಲರ್ ಅದರಲ್ಲಿ ಇರುವುದಿಲ್ಲ.